ಐಬಿನ ಕಾಲಂ

ಎರಡು ಕೆಲಸಗಳಿಂದ ನನ್ನನ್ನು ತೆಗೆದುಹಾಕಿದ್ದರು. ಭಾಲ್ಕಿಯ ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡುವ ಕೆಲಸ ಐದು ವಾರ ನಡೆಯಿತು, ಔರಾದಿನ ಒಂದು ಖಾಸಗಿ ಆಫೀಸಿನದು ಮೂರು ವಾರ. ಎರಡೂ ಕಡೆ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೋಮವಾರ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ, ಔಷಧಿ ಗೋದಾಮೊಂದರಲ್ಲಿ ಸಂದರ್ಶನವಿತ್ತು. ಇಲ್ಲೂ ಆಗದಿದ್ದರೆ ತಿಂಗಳ ಕೊನೆಗೆ ಹಾಸ್ಟೆಲ್ ಖಾಲಿ ಮಾಡಿ ನಮ್ಮೂರು ಭಾತಂಬ್ರಾಕ್ಕೆ ಮರಳಬೇಕು.

ಹಾಸ್ಟೆಲಿನ ಲೈಬ್ರರಿಯಲ್ಲಿ ಸಿಕ್ಕ ಪುಸ್ತಕವೊಂದು, ಸಂದರ್ಶನಕ್ಕೆ ಮೊದಲು ನಿಮ್ಮದೇ ಪ್ರೊಫೈಲ್ ಬರೆದುಕೊಳ್ಳಿ ಎಂದಿತ್ತು. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಸಾಮರ್ಥ್ಯ, ಬಲಕ್ಕೆ ದೌರ್ಬಲ್ಯ. ಬರೆದದ್ದನ್ನು ನಿಮ್ಮನ್ನು ಬಲ್ಲವರಿಗೆ ತೋರಿಸಿ ಎಂದೂ ಇತ್ತು. ಶನಿವಾರ ಹಾಳೆ ಹಿಡಿದು ಊರಿಗೆ ಹೋದೆ.

ಉಂಡು ಹೊರಗೆ ಬಂದಾಗ ಅಪ್ಪ ಹಣಮಂತಪ್ಪ ಅಂಗಳದಲ್ಲಿ ಕುರಿ ಮಾರುತ್ತಿದ್ದ. ಔರಾದ ಕಡೆಯ ದಿಲೀಪ ಎಂಬಾತ ಕುರಿಯ ಬಾಯಿ ತೆರೆದು ಹಲ್ಲು ನೋಡುತ್ತಿದ್ದ. ಇದಕ್ಕೆ ಒಂದು ಮೊಲೆಯಲ್ಲಿ ಹಾಲಿಲ್ಲ, ಅವಳಿ ಹಾಕಿದರೆ ಒಂದು ಮರಿಗೆ ಬಾಟಲಿಯಲ್ಲಿ ಕುಡಿಸಬೇಕು ಎಂದು ಅಪ್ಪ ತಾನಾಗಿಯೇ ಹೇಳಿದ. ಮಾರುವ ಮೊದಲು ಕುರಿಯ ಐಬು, ಅಂದರೆ ಕುಂದು, ಹೇಳಿಬಿಡುವುದು ಅವನ ಪದ್ಧತಿ. ಮುಚ್ಚಿಟ್ಟರೆ ಮುಂದಿನ ಸಂತೆಯೊಳಗೆ ಕುರಿ ವಾಪಸ್ ಬರುತ್ತದೆ, ಜೊತೆಗೆ ಜಗಳವೂ ಬರುತ್ತದೆ. ದಿಲೀಪ ಒಂದಿಷ್ಟು ಗೊಣಗಿ, ಕುರಿಯನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಹೋದ.

ಆಮೇಲೆ ನನ್ನ ಹಾಳೆ ಓದಿದೆ. ಶ್ರಮ, ಶಿಸ್ತು, ನಾಯಕತ್ವ. ನಾಯಕತ್ವ ಎಂದಾಗ ಜೋಳ ಹಸನು ಮಾಡುತ್ತಿದ್ದ ಅವ್ವ ತಲೆ ಎತ್ತಿ ನೋಡಿದಳು. ಬಲಗಡೆ ಎರಡೇ ಇದ್ದವು: ಅತಿಯಾಗಿ ಕೆಲಸ ಮಾಡುವುದು, ಸಣ್ಣ ತಪ್ಪನ್ನೂ ಸಹಿಸದಿರುವುದು.

“ಇವು ಐಬು ಏನವ್ವ?” ಅಪ್ಪ ಕೇಳಿದ. “ಇಂಥಾ ಕುರಿ ಇದ್ರ ನಾ ಮಾರ್ತಿದ್ದಿಲ್ಲ, ಪೂಜಿ ಮಾಡ್ತಿದ್ದೆ.”

“ಕೆಲಸದ ಹುಚ್ಚು ಯಾವಾಗ ಹತ್ತೇದ ಈಕಿಗಿ?” ಅವ್ವ ಅಂದಳು. “ಉಂಡ ತಾಟು ಅಲ್ಲೇ ಬಿಟ್ಟಾಳ, ನೋಡ್ರಿ.”

ನನಗೆ ಸಿಟ್ಟು ಬಂತು. ಹಾಗಾದರೆ ನೀನೇ ಹೇಳು ಎಂದು ಅಪ್ಪನ ಮುಂದೆ ಪೆನ್ನು ಹಿಡಿದು ಕುಳಿತೆ. ಅವನು ಮೊದಲು ಒಳ್ಳೆಯದನ್ನು ಹೇಳಿದ. ಕುರಿಗಾಗಿದ್ದರೆ ಮೊದಲು ಐಬು ಹೇಳುತ್ತಿದ್ದ. ಸಂಜೆ ಎಂಬತ್ತು ಕುರಿ ಮರಳಿದಾಗ ಯಾವುದು ಬಂದಿಲ್ಲ ಎಂದು ನಾನು ಎಣಿಸದೆ ಹೇಳುತ್ತೇನಂತೆ. ಅದೊಂದು ಸಾಮರ್ಥ್ಯ ಎಂದು ನನಗೆ ಹೊಳೆದಿರಲಿಲ್ಲ. ಬರೆದುಕೊಂಡೆ.

“ಇನ್ನ ಐಬು ಹೇಳ್ತೇನಿ, ಸಿಟ್ಟಾಗಬ್ಯಾಡ. ತಿಳೀಲಿಲ್ಲಂದ್ರೂ ನೀ ಹೂಂ ಅಂತಿ. ಸಣ್ಣಾಕಿ ಇದ್ದಾಗಿಂದ ಹಿಂಗೇ.”

ಸುಳ್ಳು ಎಂದೆ. ಆಗ ಅವನು ಜಂತಿನ ಔಷಧಿಯ ಮಾತು ತೆಗೆದ. ಆರು ವರ್ಷದ ಹಿಂದೆ ಯಾವ ಕುರಿಗೆ ಕುಡಿಸಬಾರದು ಎಂದು ವಿವರಿಸಿ ನನ್ನ ಕೈಗೆ ಬಾಟಲಿ ಕೊಟ್ಟು ಹೋಗಿದ್ದನಂತೆ. ನಾನು ಹೂಂ ಅಂದು ಗಬ್ಬದ ಕುರಿಗಳಿಗೂ ಕುಡಿಸಿದ್ದೆ. ಎರಡು ಕುರಿ ಕಂದು ಹಾಕಿದ್ದವು, ಗರ್ಭ ನಿಲ್ಲಲಿಲ್ಲ. ಅದು ಬೇನೆಯಿಂದ ಆದದ್ದು ಎಂದೇ ನಾನು ಇಷ್ಟು ದಿನ ತಿಳಿದಿದ್ದೆ.

“ಅವಾಗ ಯಾಕ ಹೇಳಲಿಲ್ಲಪ್ಪ?”

“ಹತ್ತನೇ ಪರೀಕ್ಷಾ ಇತ್ತು ನಿಂದು.” ಅಪ್ಪ ಕೊಟ್ಟಿಗೆಯ ಕಡೆ ನೋಡಿದ. “ಕುರಿ ಮತ್ತ ಈದ್ವು, ಬಿಡು.”

ಅವ್ವ ನನ್ನ ತಾಟು ಎತ್ತಿಕೊಂಡು ಒಳಗೆ ಹೋದಳು.

ಬೀದರಿನ ಬಸ್ಸಿನಲ್ಲಿ ಎಲ್ಲ ನೆನಪಾಯಿತು. ಗಿರಾಕಿ ಬಟ್ಟೆ ಮರಳಿಸಿದರೆ ಬಿಲ್ ಹೇಗೆ ಬದಲಿಸಬೇಕೆಂದು ಭಾಲ್ಕಿಯ ಮಾಲೀಕ ಎರಡು ಸಲ ಹೇಳಿಕೊಟ್ಟಿದ್ದ. ಔರಾದಿನಲ್ಲಿ ಕಂಪ್ಯೂಟರ್ ಮುಂದೆ ಒಬ್ಬಾಕೆ ಅರ್ಧ ದಿನ ಕುಳಿತು ತೋರಿಸಿದ್ದಳು. ಎರಡೂ ಕಡೆ ನಾನು ಹೂಂ ಅಂದಿದ್ದೆ. ದಡ್ಡಿ ಅಂದುಕೊಂಡಾರು ಎಂಬ ಹೆದರಿಕೆ, ಅಷ್ಟೇ. ಹಾಸ್ಟೆಲಿಗೆ ಬಂದು ಹೊಸ ಹಾಳೆ ತೆಗೆದು, ಅಪ್ಪ ಹೇಳಿದ್ದನ್ನೇ ಎಡಕ್ಕೊಂದು, ಬಲಕ್ಕೊಂದು, ಎರಡೇ ಸಾಲು ಬರೆದೆ.

ಗೋದಾಮಿನ ಮ್ಯಾನೇಜರ್ ಯಾಕೂಬ ಅವರಿಗೆ ಐವತ್ತರ ಆಸುಪಾಸು. ಸೋಮವಾರ ನಾನು ಕೊಟ್ಟ ಆ ಹಾಳೆಯನ್ನು ಎರಡು ಸಲ ಓದಿ, ಇದನ್ನು ಹೇಳಿದವರು ಯಾರು ಎಂದು ಕೇಳಿದರು. ಅಪ್ಪ ಎಂದೆ. ಇಂಥವಳಿಗೆ ಕೆಲಸ ಹೇಳಿಕೊಡುವುದು ಹೇಗೆ ಎಂದರು. ಹೇಳಿದ್ದನ್ನು ನನ್ನಿಂದ ತಿರುಗಿ ಹೇಳಿಸಿರಿ ಎಂದೆ. ಅವರು ಎದ್ದು ನನ್ನನ್ನು ಒಳಗೆ ಕರೆದುಕೊಂಡು ಹೋದರು. ಮೊದಲು ಬಂದ ಡಬ್ಬಿಯಲ್ಲ, ಮೊದಲು ಅವಧಿ ಮುಗಿಯುವ ಡಬ್ಬಿ ಮೊದಲು ಹೋಗಬೇಕು. ಕೆಂಪು ಚೀಟಿ ಇದ್ದರೆ ಅದಕ್ಕೆ ಬೇರೆ ನಿಯಮ. ನಡೆಯುತ್ತಲೇ ಎಲ್ಲ ಹೇಳಿ ಮುಗಿಸಿದರು.

“ಸಮಜ್ ಆಯ್ತಾ?”

ನಾಲಗೆಯ ತುದಿಗೆ ಹೂಂ ಬಂದಿತ್ತು.

“ಇಲ್ಲರಿ. ಇನ್ನೊಮ್ಮೆ ಹೇಳ್ರಿ.”

ಹೇಳಿದರು.

“ಅರ್ಧಾ ತಿಳೀತರಿ. ಕೆಂಪು ಚೀಟಿದು ತಿಳೀಲಿಲ್ಲ.”

ಅವರು ಗಡಿಯಾರ ನೋಡಿಕೊಂಡರು. ಹೊರಗೆ ಹೋಗು ಎನ್ನುತ್ತಾರೆ ಅಂದುಕೊಂಡೆ. ಅವರು ಎರಡು ಡಬ್ಬಿ ಎಳೆದು ನೆಲದ ಮೇಲಿಟ್ಟು, ತಾವೂ ಕುಕ್ಕರಗಾಲಲ್ಲಿ ಕುಳಿತು ಚೀಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಈ ಸಲ ನಾನು ಪೂರ್ತಿ ತಿರುಗಿ ಹೇಳಿದೆ. ಒಂದು ಕಡೆ ತಪ್ಪಿದೆ, ಅವರು ತಿದ್ದಿದರು.

“ನೋಡವ್ವ, ನೀ ನನ್ನ ತಲಿ ತಿಂತಿ. ತಿನ್ನು. ತಪ್ಪು ಮಾಲು ದವಾಖಾನಿಗಿ ಹೋಗಬಾರ್ದು, ಅಷ್ಟೇ. ಒಂದು ತಿಂಗಳು ನೋಡ್ತೇನಿ. ನಾಳಿಂದ ಬಾ.”

ಎಷ್ಟು ಗಂಟೆಗೆ ಎಂದು ಕೇಳಿದೆ. ಯಾವ ಗೇಟಿಗೆ ಎಂದು ಕೇಳಿದೆ. ಬಂದು ಯಾರಿಗೆ ಹೇಳಬೇಕು ಎಂದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಎಂಟಕ್ಕೆ, ಹಿಂದಿನ ಗೇಟಿಗೆ, ಅವರಿಗೇ.