ಚಿಕ್ಕಮುನಿಯಪ್ಪನ ಮಾಳಿಗೆ ಮೇಲಿನ ಕೆಂಪು ಗುರುತು

ಮಲ್ಲತ್ತಹಳ್ಳಿ ಕೆರೆಯ ಹಿಂದಿನ ಬೀದಿಗೆ ಹೆಣ ಸಾಗಿಸುವ ವ್ಯಾನು ಬಂದು ಚಿಕ್ಕಮುನಿಯಪ್ಪನ ಮನೆ ಮುಂದೆ ನಿಂತಾಗ, ಚಿಕ್ಕಮುನಿಯಪ್ಪ ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಅವನ ಹೆಂಡತಿ ಮುನಿತಾಯಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಳು. ವ್ಯಾನಿನ ಮುಂದಿನ ಚಕ್ರ ರಂಗೋಲಿಯ ಒಂದು ಎಸಳನ್ನು ತುಳಿದು ನಿಂತಿತು.

ಡ್ರೈವರ್ ದುಂಡೇಶ ಇಳಿದ. ಬಾಗಲಕೋಟೆ ಕಡೆಯವನು, ಬೆಂಗಳೂರಿಗೆ ಹೊಸಬ.

“ಬಾಡಿ ಎಲ್ಲೈತ್ರಿ, ಅಮ್ಮಾರ?”

“ಯಾವ ಬಾಡಿಯೋ?”

ಅವನು ಕಿಸೆಯಿಂದ ಮಡಿಸಿದ ಕಾಗದ ತೆಗೆದು ಬಿಡಿಸಿದ. ಆಕಾಶದಿಂದ ತೆಗೆದ ಚಿತ್ರ. ಅದರಲ್ಲಿ ಕೆರೆ ಇತ್ತು, ಮೂಲೆಯ ಮುನೇಶ್ವರನ ಗುಡಿ ಇತ್ತು, ತಮ್ಮದೇ ಮಾಳಿಗೆಯ ಕರಿ ಸಿಂಟೆಕ್ಸ್ ಟ್ಯಾಂಕೂ ಇತ್ತು. ಟ್ಯಾಂಕಿನ ಪಕ್ಕದಲ್ಲೇ ಮೊಳೆ ಹೊಡೆದ ಹಾಗೆ ಒಂದು ಕೆಂಪು ಗುರುತು.

“ಇದ ಮನಿ ಅಲ್ಲೇನ್ರಿ? ವಯಸ್ಸಾದವ್ರು, ಗಂಡಸ್ರು ಅಂತ ಹೇಳ್ಯಾರ.”

“ನಾನಿನ್ನೂ ಕಾಫಿ ಕುಡೀತಾ ಇದೀನಿ ಕಣಯ್ಯಾ,” ಅಂದ ಚಿಕ್ಕಮುನಿಯಪ್ಪ.

“ಕುಡೀರಿ ಯಜಮಾನ್ರ. ನಂದೇನ್ ಅವಸರಿಲ್ಲ.”

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಆ ಕಡೆಯಿಂದ ಯಾರೋ ಬಾಯಿಗೆ ಬಂದಂತೆ ಬೈದರು. ದುಂಡೇಶ “ರಾಂಗ್ ಅಡ್ರೆಸ್ಸಂತ್ರಿ” ಎಂದು ಕೈಮುಗಿದು, ವ್ಯಾನನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿಯೇಬಿಟ್ಟ.

ಇದಿಷ್ಟೂ ಆಗುವಾಗ ಮಹಡಿ ಕೋಣೆಯ ಬಾಡಿಗೆದಾರಳು ಚೇತನಾ ಮನೆಯಲ್ಲಿರಲಿಲ್ಲ. ಗಂಡ ಮುತ್ತುರಾಜನ ವರ್ಷದ ತಿಥಿಗೆ ಕೆಂಗೇರಿಯ ಅತ್ತೆ ಮನೆಗೆ ಹೋಗಿದ್ದವಳು, ಅಲ್ಲಿಂದ ನೇರ ವಿಜಯನಗರಕ್ಕೆ, ವೆಬ್‌ಸೈಟ್ ಮಾಡಿಕೊಡುವ ತನ್ನ ಆಫೀಸಿಗೆ ಹೋಗಿ, ಸಂಜೆ ಮನೆಗೆ ಬಂದಳು. ಗೇಟಿನ ಹತ್ತಿರ ಒಡೆದ ಬೂದುಗುಂಬಳ, ಅರಿಶಿನದ ನೀರು. ಮುನಿತಾಯಮ್ಮನ ಸೊಸೆ ಜಗದಾಂಬಾ ಮೆಟ್ಟಿಲ ಕೆಳಗೆ ಕಾದಿದ್ದಳು. ಅವಳಿಗೆ ಆರು ತಿಂಗಳು ತುಂಬಿತ್ತು.

“ಅಕ್ಕಾ, ಮಾವ ಇನ್ನೂ ಕೂತಿದ್ದ ಹಾಗೇ ಗಾಡಿ ಬಂತು. ಟ್ಯಾಂಕ್ ಪಕ್ಕ ಕೆಂಪಗೆ ಗುರುತು ಹಾಕಿದ್ರು ಕಣಕ್ಕಾ, ಕಾಗದದ ಮೇಲೆ.”

ಚೇತನಾಳ ಕಾಲು ಮೆಟ್ಟಿಲ ಮೇಲೇ ನಿಂತಿತು.

ಮಾರನೆ ದಿನ ಆಫೀಸಿನಲ್ಲಿ ಕಂಪ್ಯೂಟರ್ ಹಚ್ಚಿ ಅವಳು ಮೊದಲು ಆ ಪುಟವನ್ನೇ ತೆರೆದಳು. ಎರಡು ಸಾವಿರದ ಎಂಟರಲ್ಲಿ ಕಂಪ್ಯೂಟರಿನೊಳಗಿನ ನಕ್ಷೆ ಒಂದು ಹೊಸ ಬೆರಗು. ಉಚಿತವಾಗಿ ವ್ಯಾನು ಕಳಿಸುವ ಟ್ರಸ್ಟಿನವರು ತಮ್ಮ ವೆಬ್‌ಸೈಟಿನ ಅರ್ಜಿಯಲ್ಲಿ ನಕ್ಷೆ ಬೇಕು ಎಂದಿದ್ದರು. ಅರ್ಜಿ ತುಂಬುವವರು ಕೆಂಪು ಗುರುತನ್ನು ಎಳೆದು ತಮ್ಮ ಮನೆ ಮೇಲೆ ಬಿಟ್ಟರಾಯಿತು, ಟ್ರಸ್ಟಿನವರು ಅದನ್ನೇ ಪ್ರಿಂಟು ಹಾಕಿ ಡ್ರೈವರ್ ಕೈಗೆ ಕೊಡುತ್ತಾರೆ. ಹೊಸಬನೂ ದಾರಿ ತಪ್ಪುವುದಿಲ್ಲ. ಆ ನಕ್ಷೆ ಕೂರಿಸಿದವಳು ಚೇತನಾ. ನಕ್ಷೆ ಮೊದಲು ಎಲ್ಲಾದರೂ ಒಂದು ಕಡೆ ತೆರೆದುಕೊಳ್ಳಲೇಬೇಕು. ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವಾಗ, ಕಂಡ ಕೂಡಲೇ ಗುರುತು ಹಿಡಿಯಬಲ್ಲ ಜಾಗವೊಂದನ್ನು ಕೊಟ್ಟಿದ್ದಳು. ಕೆಲಸ ಮುಗಿದ ಮೇಲೆ ಅದನ್ನು ತೆಗೆಯುವುದು ಮರೆತಿದ್ದಳು.

ಪುಟ ತೆರೆಯಿತು. ಕೆರೆ, ಗುಡಿ, ಕರಿ ಟ್ಯಾಂಕು. ಪಕ್ಕದಲ್ಲಿ ಕೆಂಪು ಗುರುತು.

ಹಿಂದಿನ ದಿನದ ಅರ್ಜಿಯನ್ನೂ ನೋಡಿದಳು. ಬಾಪೂಜಿ ನಗರದ ಸಾವು. ಯಾರೋ ನೆಂಟರು ತಮ್ಮ ಆಫೀಸಿನಿಂದಲೇ ತುಂಬಿದ್ದರು. ವಿಳಾಸದ ಜಾಗದಲ್ಲಿ ಬಾಗಿಲ ನಂಬರಿಲ್ಲ, ಅಡ್ಡರಸ್ತೆಯಿಲ್ಲ. ‘ಬೇಕರಿ ಹತ್ತಿರ ಬಂದು ಫೋನ್ ಮಾಡಿ, ಕಾರ್ನರ್‌ನಲ್ಲಿ ನಮ್ಮವರು ನಿಂತಿರ್ತಾರೆ’ ಎಂದಷ್ಟೇ. ನಮ್ಮವರು ಕಾರ್ನರ್‌ನಲ್ಲಿ ನಿಂತಿರುವಾಗ ನಕ್ಷೆಯನ್ನು ಯಾರು ಮುಟ್ಟುತ್ತಾರೆ? ಗುರುತು ಇದ್ದಲ್ಲೇ ಉಳಿದಿತ್ತು.

ಇದು ಅವಳಿಗೆ ಗೊತ್ತಿರಬೇಕಿತ್ತು. ಮುತ್ತುರಾಜ ಹೋದ ದಿನ ಮೈದುನ ರಸ್ತೆ ತಿರುವಿನಲ್ಲಿ ನಿಂತು ಟವೆಲ್ ಬೀಸುತ್ತಿದ್ದ. ಸಾವಿನ ಮನೆಗೆ ಯಾರೂ ದಾರಿ ಹೇಳುವುದಿಲ್ಲ; ಒಬ್ಬರು ಹೋಗಿ ನಿಂತು ಕರೆತರುತ್ತಾರೆ.

ಗುರುತನ್ನು ಎಳೆಯದೆ ಅರ್ಜಿ ಮುಂದಕ್ಕೆ ಹೋಗದ ಹಾಗೆ ಮಾಡಿದಳು. ಮಾಳಿಗೆಯ ಜಾಗವನ್ನು ಅಳಿಸಿದಳು. ಯಾರಿಗೂ ಹೇಳಲಿಲ್ಲ.

ಹೇಳಿದ್ದರೆ ಕೋಣೆ ಹೋಗುತ್ತಿತ್ತು. ಬಸವೇಶ್ವರನಗರದಲ್ಲಿ, ನಾಗರಬಾವಿಯಲ್ಲಿ ಅವಳು ಎಷ್ಟೋ ಗೇಟುಗಳ ಮುಂದೆ ನಿಂತಿದ್ದಳು. “ಯಜಮಾನ್ರು ಎಲ್ಲಿ ಕೆಲ್ಸ ಮಾಡ್ತಾರಮ್ಮಾ?” ಎಂದು ಕೇಳುತ್ತಿದ್ದರು. ಇಲ್ಲ ಅಂದ ತಕ್ಷಣ ಮನೆ ಆಗಲೇ ಯಾರಿಗೋ ಮಾತಾಗಿಬಿಟ್ಟಿರುತ್ತಿತ್ತು. ಮುನಿತಾಯಮ್ಮ ಒಬ್ಬಳೇ “ನೀರು ದಿನಾ ಬರಲ್ಲ, ತಡ ಮಾಡಿ ಬಂದ್ರೆ ಗೇಟು ನೀನೇ ಹಾಕ್ಕೋಬೇಕು” ಎಂದು ಬೀಗದ ಕೈ ಕೊಟ್ಟವಳು.

ನಕ್ಷೆ ಸರಿಯಾಯಿತು, ಮನೆ ಸರಿಯಾಗಲಿಲ್ಲ.

“ರಾಂಗ್ ಅಡ್ರೆಸ್ಸಂತೆ! ಇಷ್ಟು ದೊಡ್ಡ ಊರಲ್ಲಿ ರಾಂಗ್ ಅಡ್ರೆಸ್ಸು ನಮ್ಮನೆಗೇ ಬರ್ಬೇಕಾ?” ಮುನಿತಾಯಮ್ಮ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾ ಕೇಳುತ್ತಿದ್ದಳು, ಯಾರನ್ನೋ ಒಗೆದ ಹಾಗೆ. “ಗುರುತು ತಾನಾಗೇ ಬಂದು ಕೂರುತ್ತಾ? ಯಾರೋ ತೋರ್ಸಿದಾರೆ.”

ಚಿಕ್ಕಮುನಿಯಪ್ಪ ಹೋದ ದೀಪಾವಳಿಯಲ್ಲಿ ಎದೆನೋವು ಬಂದು ಬದುಕಿಕೊಂಡಿದ್ದ. ಹೋದ ತಿಂಗಳು ಮಗ ರವಿಕುಮಾರ್, ಕೆಂಗೇರಿ ಸೈಟನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದಿದ್ದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮುದುಕ, ಮಗ ಕೇಳಿದ್ದರ ಹಿಂದೆಯೂ ಗಾಡಿ ಬಂದದ್ದರ ಹಿಂದೆಯೂ ಸೊಸೆ ಇದ್ದಾಳೆ ಎಂದು ತೀರ್ಮಾನಿಸಿದ. ಜಗದಾಂಬಾ ಬಡಿಸಿದ ಮುದ್ದೆ ಮುಟ್ಟುವುದನ್ನು ನಿಲ್ಲಿಸಿದ. ಅಂಗಡಿಯಿಂದ ಬನ್ನು ತಂದು, ಕವರನ್ನು ಮುಂದೆ ಹಿಂದೆ ತಿರುಗಿಸಿ ನೋಡಿ, ಜಗಲಿ ಮೇಲೆ ಕೂತು ತಿನ್ನುತ್ತಿದ್ದ. ದಿನೇ ದಿನೇ ಇಳಿದುಹೋದ.

ಬೀದಿಯ ಹೆಂಗಸರಿಗೆ ಬೇರೆಯೇ ಅನುಮಾನ. “ಆ ಮೇಲಿನವಳು ಬಂದ ಮೇಲಲ್ವೇ ಇದೆಲ್ಲ?” ಎಂದು ಅಂಜನಮ್ಮ ನಲ್ಲಿ ಹತ್ತಿರ ಎತ್ತಿದಳು. ಚೇತನಾ ಮೆಟ್ಟಿಲಿಳಿಯುತ್ತಾ ಕೇಳಿಸಿಕೊಂಡಳು.

“ಬಾಯಿ ಮುಚ್ಚೇ,” ಅಂದಳು ಮುನಿತಾಯಮ್ಮ. “ಆ ಮಗು ತನ್ನ ಪಾಡಿಗೆ ತಾನಿದೆ. ನಮ್ಮ ಮನೇದು ನಮ್ಮ ಮನೇಲೇ ಇದೆ.”

ಚೇತನಾ ಅಂದು ಬಸ್ಸಿನಲ್ಲಿ ಕಿಟಕಿಯಾಚೆ ನೋಡಲಿಲ್ಲ.

ಭಾನುವಾರ ಮುನಿತಾಯಮ್ಮ ಎಲ್ಲರನ್ನೂ ಮುನೇಶ್ವರನ ಗುಡಿಗೆ ಹೊರಡಿಸಿದಳು. ವೀಳ್ಯದೆಲೆ ಮೇಲೆ ಕರ್ಪೂರ ಹಚ್ಚಿ, ‘ಆ ಗಾಡಿ ಬಂದದ್ದರಲ್ಲಿ ನನ್ನ ಕೈವಾಡ ಇಲ್ಲ’ ಎಂದು ಹೇಳಿ, ಅಂಗೈಯಿಂದ ಆರಿಸಬೇಕು. ಸುಳ್ಳು ಹೇಳಿದವರನ್ನು ಮುನೇಶ್ವರ ನೋಡಿಕೊಳ್ಳುತ್ತಾನೆ. “ನೀನೂ ಬಾರಮ್ಮ ಚೇತನಾ. ಒಂದೇ ಸೂರಿನಡಿ ಇದೀವಿ, ನಾಳೆ ಒಬ್ಬರನ್ನ ಬಿಟ್ವಿ ಅನ್ನೋದು ಬೇಡ.”

ರವಿಕುಮಾರ್ ಮುಖ ಬಿಗಿದುಕೊಂಡು ಬಂದು ಆರಿಸಿದ. ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಮುನಿತಾಯಮ್ಮ ಇನ್ನೊಂದು ಬಿಲ್ಲೆ ಹಚ್ಚಿ ಸೊಸೆಯ ಮುಂದೆ ಹಿಡಿದಳು.

ಜಗದಾಂಬಾ ಕೈ ಮುಂದೆ ತಂದು ಹಿಂದಕ್ಕೆ ಎಳೆದುಕೊಂಡಳು.

“ನಾನು ಆರಿಸಲ್ಲ ಅತ್ತೆ. ಬಸುರಿ ದೀಪ ಆರಿಸಬಾರದು ಅಂತಾರೆ ನಮ್ಮಮ್ಮ. ಹೆರಿಗೆ ಆಗ್ಲಿ, ಹತ್ತು ಆರಿಸ್ತೀನಿ.”

“ನೋಡ್ದಾ?” ಅಂದ ಚಿಕ್ಕಮುನಿಯಪ್ಪ ಹೆಂಡತಿಗೆ. ಅವನ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ.

ರವಿಕುಮಾರ್ ಕೂಡ ಹೆಂಡತಿಯ ಕಡೆ ತಿರುಗಿ ನೋಡಿದ. ಆ ನೋಟ ಚೇತನಾಳಿಗೆ ಕಂಡಿತು. ಕರ್ಪೂರ ತಾನಾಗಿಯೇ ಉರಿದು ಮುಗಿಯುತ್ತಿತ್ತು.

“ಅವಳಲ್ಲ,” ಅಂದಳು ಚೇತನಾ. “ಗುರುತು ಹಾಕಿದ್ದು ನಾನು.”

ನಕ್ಷೆ, ಅರ್ಜಿ, ಮರೆವು, ಎಲ್ಲ ಹೇಳಿದಳು. ಹೇಳುತ್ತಾ ಹೋದಂತೆ ಅದು ತನಗೇ ಕಟ್ಟುಕಥೆಯ ಹಾಗೆ ಕೇಳಿಸಿತು. ಗೊತ್ತಾದ ದಿನವೇ ಅಳಿಸಿದೆ ಅಂದಾಗ ಮುನಿತಾಯಮ್ಮ ತಲೆ ಎತ್ತಿದಳು.

“ಅಂದ್ರೆ ಅವತ್ತಿಂದ ನಿಂಗೊತ್ತಿತ್ತು. ನಮ್ಮೆಜಮಾನ್ರು ಬನ್ನು ತಿನ್ನೋದನ್ನ ನೋಡ್ಕೊಂಡು ಓಡಾಡ್ತಾ ಇದ್ದೆ.”

“ಹೂಂ.”

“ಊರಲ್ಲಿ ಅಷ್ಟು ಮನೆ ಇವೆ. ನಮ್ಮನೆ ಮೇಲೇ ಯಾಕೆ ಇಟ್ಟೆ?”

“ನಂಗೆ ಬೇರೆ ಮನೆ ಗೊತ್ತಿರ್ಲಿಲ್ಲಮ್ಮ.”

ಮುನಿತಾಯಮ್ಮ ಎಲೆಯನ್ನು ಕೆಳಗಿಟ್ಟಳು. ಜಗದಾಂಬಾಳ ಕಣ್ಣು ತನ್ನ ಸೆರಗಿನಿಂದ ಒರೆಸಿದಳು, ಸ್ವಲ್ಪ ಒರಟಾಗಿಯೇ. ಆಮೇಲೆ, “ತಿಂಗಳು ಮುಗಿಯೋದ್ರೊಳಗೆ ಖಾಲಿ ಮಾಡ್ಬಿಡು,” ಅಂದಳು.

ಚೇತನಾ ತಲೆಯಾಡಿಸಿದಳು. ಇದಕ್ಕೆ ಅವಳು ತಯಾರಾಗಿಯೇ ಬಾಯಿ ಬಿಟ್ಟಿದ್ದಳು.

“ಇರು, ಇರು,” ಅಂದ ಚಿಕ್ಕಮುನಿಯಪ್ಪ. ಗುಡಿಯ ಕಟ್ಟೆ ಹಿಡಿದು ಕೂತಿದ್ದ. “ಇವಳು ಹೋದ್ಮೇಲೆ ಅದು ತಿರ್ಗಾ ಬಂದು ಕೂತ್ರೆ?”

“ಕೂರಲ್ಲ ತಾತ. ತೆಗೆದುಬಿಟ್ಟಿದೀನಿ.”

“ಅದನ್ನ ನೀನು ಹೇಳ್ತೀಯ. ತೆಗೆದದ್ದನ್ನ ನಾನು ನೋಡಿದ್ನಾ?” ಹೆಂಡತಿಯ ಕಡೆ ತಿರುಗಿದ. “ಇಡೋಕ್ ಬರೋಳು ಇವಳು, ತೆಗೆಯೋಕ್ ಬರೋಳೂ ಇವಳೇ. ಬೇರೆ ಕಡೆ ಕಳಿಸಿ ನಾನು ಯಾರ್ನ ಹುಡುಕ್ಕೊಂಡು ಹೋಗ್ಲಿ? ಇಲ್ಲೇ ಇರ್ಲಿ, ನನ್ನ ಕಣ್ಮುಂದೆ. ಅದೇ ಸೂರಲ್ಲಿ ಮಲಗೋಳು ಇನ್ನೊಂದ್ಸಲ ಮರೀಲಿ ನೋಡೋಣ.”

“ನಿಮ್ಮ ತಲೆ,” ಅಂದಳು ಮುನಿತಾಯಮ್ಮ. ಆದರೆ ಖಾಲಿ ಮಾಡು ಎಂದು ಇನ್ನೊಮ್ಮೆ ಹೇಳಲಿಲ್ಲ.

ಮಧ್ಯಾಹ್ನ ಜಗದಾಂಬಾ ಮುದ್ದೆ ತಂದಿಟ್ಟು ದೂರ ನಿಂತಳು. ಚಿಕ್ಕಮುನಿಯಪ್ಪ ಸಾರನ್ನು ಒಮ್ಮೆ ಮೂಸಿದ. ಮುರಿದು ಅದ್ದಿ ನುಂಗಿದ. “ಉಪ್ಪು ಕಮ್ಮಿ,” ಅಂದ. ಎರಡನೆಯ ಮುದ್ದೆ ಕೇಳಿದ.

ಅಷ್ಟಾದ ಮೇಲೆ ಚೇತನಾ ಅರ್ಜಿಯನ್ನು ಇನ್ನೊಮ್ಮೆ ಬದಲಾಯಿಸಿದಳು. ನಕ್ಷೆ ತೆರೆದಾಗ ಗುರುತೇ ಇರುವುದಿಲ್ಲ. ನಾವೇ ಒತ್ತಿದ ಕಡೆ ಬೀಳುತ್ತದೆ. ‘ನಿಮ್ಮ ಮನೆ ಎಲ್ಲಿ’ ಎಂದಿದ್ದ ಕಡೆ ‘ನಿಮ್ಮವರು ಎಲ್ಲಿ ನಿಂತಿರುತ್ತಾರೆ’ ಎಂದು ಬರೆದಳು. ದುಂಡೇಶ ಈಗ ತಿರುವುಗಳಿಗೆ ಹೋಗುತ್ತಾನೆ, ಅಲ್ಲಿ ಯಾರಾದರೂ ಟವೆಲ್ ಬೀಸುತ್ತಾ ಸಿಗುತ್ತಾರೆ.

ಮುನಿತಾಯಮ್ಮ ಮೊದಲಿನಂತೆ ಮಾತಾಡುವುದಿಲ್ಲ. ರಂಗೋಲಿ ಬಿಡುತ್ತಾ ಒಮ್ಮೊಮ್ಮೆ ತಲೆಯೆತ್ತಿ ಟ್ಯಾಂಕಿನ ಕಡೆ ನೋಡುತ್ತಾಳೆ. ಚೇತನಾ ಚೀಲ ಹಾಕಿಕೊಂಡು ಇಳಿದರೆ ಜಗಲಿಯಿಂದ ದಿನವೂ ಅದೇ ಪ್ರಶ್ನೆ.

“ಏನಮ್ಮಾ, ಎಲ್ಲಿದೆ ಇವತ್ತು ಆ ಕೆಂಪು ಮೊಳೆ?”

“ಎಲ್ಲೂ ಇಲ್ಲ ತಾತ.”

“ಹೂಂ,” ಅನ್ನುತ್ತಾನೆ ಚಿಕ್ಕಮುನಿಯಪ್ಪ. ಆಮೇಲೆ ಕಾಫಿ ಲೋಟ ಕೆಳಗಿಟ್ಟು, ಬೀದಿಯ ತುದಿಯವರೆಗೂ ಒಮ್ಮೆ ನೋಡುತ್ತಾನೆ.