ನಡೆದಾಡಿದ ಘೇರಾವ್

ಶಿವನಿ ಸ್ಟೇಷನ್ನಿನಿಂದ ರೈಲಿನಲ್ಲಿ ಹೋಗಿಬಂದು ಕಾಲೇಜು ಓದುತ್ತಿದ್ದ ದಿನಗಳಲ್ಲಿ ನಾನು ದಲಿತ ಸಂಘಟನೆಯ ಸಭೆಗಳಿಗೂ ಹೋಗುತ್ತಿದ್ದೆ. ಕೂರುತ್ತಿದ್ದುದು ಮಾತ್ರ ಹಿಂದಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ. ಘೇರಾವ್ ಬಗ್ಗೆ ಅಲ್ಲಿ ಕೇಳಿ ನೆನಪಿಟ್ಟುಕೊಂಡದ್ದು ಒಂದೇ ಮಾತು: ಕೂತ ಮೇಲೆ ಯಾರೂ ಏಳಬಾರದು.

ಎಂಬತ್ತಮೂರರ ಬೇಸಿಗೆಯಲ್ಲಿ ಆ ಮಾತು ಕೆಲಸಕ್ಕೆ ಬಂತು. ನಮ್ಮ ಕೇರಿಗೆಂದು ಮಂಜೂರಾಗಿದ್ದ ಬೋರಿಂಗನ್ನು ಪಟೇಲ ಉಗ್ರಪ್ಪ ತನ್ನ ಕಣದ ಪಕ್ಕ ಕೊರೆಸಲು ಹೊರಟಿದ್ದ. ಕೊರೆಯುವ ಲಾರಿ ಆಗಲೇ ಅಲ್ಲಿಗೆ ಬಂದು ನಿಂತಿತ್ತು. ಜಾಗ ನೋಡಲು ಅಮಲ್ದಾರರು ಬರುತ್ತಾರೆಂದು ತಿಳಿದು ಕೇರಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ನಸುಕಿನಲ್ಲೇ ಕೇರಿಯ ಮುಂದಿನ ದಾರಿಗೆ ಬಂದೆವು. ಜೀಪು ನಿಂತಿತು, ಸುತ್ತ ಕೂತೆವು. ಲಾರಿ ಕೇರಿಗೆ ಬರುವವರೆಗೂ ಏಳುವುದಿಲ್ಲ ಎಂದು ನಾನು ಹೇಳಿದೆ.

ಅಮಲ್ದಾರರು ಮೇಲಿನವರಿಗೆ ಬರೆದು ಕೇಳುತ್ತೇನೆ ಎಂದರು. ಆಮೇಲೆ ಗದರಿದರು. ಮಧ್ಯಾಹ್ನದ ಹೊತ್ತಿಗೆ ಸೀಟಿಗೆ ಒರಗಿದರು. ಅವರ ಮುಖ ಬಾಡಿದ್ದನ್ನು ನೋಡಿದ್ದು ನಮ್ಮವ್ವ ದ್ಯಾವಮ್ಮ. ಕೇರಿಗೆ ಬಂದವರು ಹಸಿದು ಕೂತರೆ ಅವಳಿಗೆ ಆಗದು, ಅವರು ಘೇರಾವಿನಲ್ಲಿದ್ದರೂ ಸರಿಯೇ. ಕೊಡಬೇಡ ಎಂದು ನಾನು ಅವಳತ್ತ ಕಣ್ಣು ಬಿಟ್ಟೆ. ಅವ್ವ ಏಳಲಿಲ್ಲ, ನಿಯಮ ಮುರಿಯಲಿಲ್ಲ. ಅವಳ ಮಡಿಲ ಗಂಟಿನ ರಾಗಿರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ ಕೈಯಿಂದ ಕೈಗೆ ದಾಟಿ ಜೀಪಿನೊಳಕ್ಕೆ ಹೋದವು. ಅಮಲ್ದಾರರು ರೊಟ್ಟಿಯನ್ನು ನೋಡಿದರು, ನಮ್ಮನ್ನು ನೋಡಿದರು. ಕೊನೆಗೆ ಹಸಿವು ಗೆದ್ದಿತು.

ಎರಡನೇ ತುತ್ತಿಗೆ ಬಿಕ್ಕಳಿಕೆ ಶುರುವಾಯಿತು.

ಜೀಪಿನ ನೀರಿನ ಕ್ಯಾನು ಬರಿದಾಗಿತ್ತು. ಡ್ರೈವರ್ ಗಿಡ್ಡಪ್ಪ ಅದನ್ನು ಅಜ್ಜಂಪುರದಲ್ಲೇ ರೇಡಿಯೇಟರಿಗೆ ಸುರಿದಿದ್ದ. ಕೇರಿಯಲ್ಲೂ ಹನಿ ನೀರಿರಲಿಲ್ಲ. ನೀರು ತರುವವರೆಲ್ಲ ನನ್ನ ಮಾತು ಕೇಳಿ ಬೆಳಗಿನಿಂದ ಇಲ್ಲೇ ಕೂತಿದ್ದರಲ್ಲ.

"ಊರ ಬಾವಿಗೆ ಹೋಗ್ಬೇಕು," ಅಂದಳು ಅವ್ವ. "ಆದ್ರೆ ಏಳಂಗಿಲ್ಲ ಅಂತ ನನ್ ಮಗಳು ಕಟ್ಟುನಿಟ್ಟು ಮಾಡವ್ಳೆ, ಬುದ್ಧಿ."

ಎಲ್ಲರೂ ನನ್ನತ್ತ ತಿರುಗಿದರು. ಅಮಲ್ದಾರರಿಗೆ ಮತ್ತೊಮ್ಮೆ ಬಿಕ್ಕಳಿಕೆ ಬಂತು. ಸುತ್ತುಗಟ್ಟಿದ್ದು ಬಿಡದಿದ್ದರೆ ನಡೆದರೂ ಅದು ಘೇರಾವೇ ಎಂದು ನಾನು ತೀರ್ಮಾನ ಕೊಟ್ಟೆ. ಕೊಡ ಹೊತ್ತುಕೊಂಡು, ಅವರನ್ನೂ ಗಿಡ್ಡಪ್ಪನನ್ನೂ ನಡುವೆ ಇಟ್ಟುಕೊಂಡು ಹೊರಟೆವು. ಒಬ್ಬಳು ನಕ್ಕಳು. ಊರು ಮುಟ್ಟುವಷ್ಟರಲ್ಲಿ ನಗು ಎಲ್ಲರಿಗೂ ಹತ್ತಿತ್ತು. ಸಾಲದ್ದಕ್ಕೆ ಬಿಕ್ಕಳಿಕೆಗೆ ಸರಿಯಾಗಿ ಕೊಡ ತಟ್ಟುವವರು ಬೇರೆ.

ಬಾವಿಕಟ್ಟೆಯ ಕೆಳಗೆ ನಮ್ಮ ಕಾಲು ತಾವಾಗಿಯೇ ನಿಂತವು. ಊರವರು ಯಾರಾದರೂ ಬಂದು ಸೇದಿ ಕೊಡಕ್ಕೆ ಹೊಯ್ಯುವವರೆಗೂ ನಾವು ನಿಲ್ಲುವ ಜಾಗ ಅದು. ಜನ ಸೇರಿದರು, ಉಗ್ರಪ್ಪನೂ ಬಂದ. ಹಗ್ಗ ಮುಟ್ಟಲು ಯಾರೂ ಮುಂದೆ ಬರಲಿಲ್ಲ, ಎಲ್ಲರೂ ಉಗ್ರಪ್ಪನ ಮುಖ ನೋಡುತ್ತಿದ್ದರು.

"ಮನೇಲಿ ಮಜ್ಜಿಗೆ ಐತೆ, ಬನ್ನಿ ಸ್ವಾಮಿ," ಅಂದ ಉಗ್ರಪ್ಪ.

ನಮ್ಮ ಸುತ್ತು ಬಿಚ್ಚಿಕೊಳ್ಳಲಿಲ್ಲ. ನಾನು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಕೇಳಿದೆ. "ಸಾರ್, ನಾವೇ ಸೇದಿ ನಿಮಗೆ ನೀರು ಕೊಡಬಹುದಾ? ಊರೋರ ಮುಂದೆ ಹೇಳಿ."

ಅವರು ಉಗ್ರಪ್ಪನನ್ನು ನೋಡಿದರು, ಬಾವಿಯನ್ನು ನೋಡಿದರು. ಬಿಕ್ಕಳಿಕೆ ಯೋಚಿಸಲು ಬಿಡಲಿಲ್ಲ.

"ಸೇದಮ್ಮ. ತಡೆಯೋ ಹಕ್ಕು... ಯಾರಿಗೂ ಇಲ್ಲ."

ಕಟ್ಟೆ ಹತ್ತಿದೆ. ಹಗ್ಗ ಒರಟಾಗಿತ್ತು, ಕೊಡ ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಅಮಲ್ದಾರರು ಬೊಗಸೆಯೊಡ್ಡಿ ಕುಡಿದರು, ಅಂಗಿ ತೋಯುವವರೆಗೂ ಕುಡಿದರು. ಬಿಕ್ಕಳಿಕೆ ನಿಂತಿತು. ಮುಖ ಒರೆಸಿಕೊಂಡು, ಕೇರಿಯಿಂದ ಬಾವಿಯವರೆಗಿನ ದಾರಿಯತ್ತ ಒಮ್ಮೆ ನೋಡಿ, ಲಾರಿಯನ್ನು ಕೇರಿಗೆ ತಿರುಗಿಸುವಂತೆ ಹೇಳಿಬರಲು ಗಿಡ್ಡಪ್ಪನನ್ನು ಕಣಕ್ಕೆ ಕಳಿಸಿದರು.

ಹೆಂಗಸರು ಕೇಕೆ ಹಾಕುತ್ತ ಕಣದಿಂದ ಹೊರಟ ಲಾರಿಯ ಹಿಂದೆ ಓಡಿದರು. ಅವ್ವ ಮಾತ್ರ ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ನಿಂತು ಸೇದುತ್ತಿದ್ದಳು. ಅವಳ ಕೊಡ ತುಂಬಿ ತುಳುಕುತ್ತಿತ್ತು. ಬೋರಿಂಗ್ ನಮ್ಮ ಕೇರಿಗೇ ಬಂತಲ್ಲ, ಇನ್ನೇಕೆ ಎಂದು ಕೇಳಿದೆ.

"ಅದು ಬಂದ್ರೆ ಬರ್ಲಿ ಬಿಡೇ," ಅಂದಳು ಅವ್ವ. "ಇದ್ನೂ ಯಾಕೆ ಬಿಡಾನ? ನಿನ್ ಕೊಡಾನೂ ತತ್ತಾ."