ರಸೀದಿ ಇಲ್ಲದ ಬಾಳೆಹಣ್ಣು

ನಾನು ಹೊಸಪೇಟೆಯಲ್ಲಿ ವಕೀಲೆ. ಪ್ರತಿ ಭಾನುವಾರ ವಡ್ಡು ಗ್ರಾಮದ ಅಂಬೇಡ್ಕರ್ ಭವನಕ್ಕೆ ಹೋಗಿ, ಲಂಚ ಕೇಳಿದರೆ ಏನು ಮಾಡಬೇಕೆಂದು ಕಾಲೇಜು ಹುಡುಗರಿಗೂ ಅವರ ಮನೆಯವರಿಗೂ ಹೇಳಿಕೊಡುತ್ತೇನೆ. ಅರ್ಧ ಜನ ತೂಕಡಿಸುತ್ತಾರೆ. ನನಗೆ ಸಿಟ್ಟು ಬರುತ್ತದೆ. ಆಗೆಲ್ಲ ಗಂಟಲು ಹರಿಯುವಂತೆ ಕೂಗುವುದು ಒಂದೇ ಮಾತು: "ಯಾರಾರ ರೊಕ್ಕ ಕೇಳಿದ್ರ ಮೊದ್ಲು ರಸೀದಿ ಕೇಳ್ರಿ!"

ಹಿಂದೆ ಗೋಡೆಗೆ ಒರಗಿ ಕೂರುವ ಎಲ್ಲಮ್ಮ ಹೊಲದ ಕೂಲಿಗೆ ಹೋಗುವವರು. ಅವರ ವಿಧವಾ ವೇತನದ ಅರ್ಜಿ ತಿಂಗಳುಗಟ್ಟಲೆ ಕಚೇರಿಯೊಂದರಲ್ಲಿ ಕೊಳೆಯುತ್ತಿತ್ತು. ಮೊನ್ನೆ ಅಲ್ಲಿನ ಗುಮಾಸ್ತ ಚಾ ಖರ್ಚಿಗೆಂದು ಕೈ ಚಾಚಿದಾಗ, ಎಲ್ಲಮ್ಮ ಇಡೀ ಕಚೇರಿಗೆ ಕೇಳುವಂತೆ ರಸೀದಿ ಕೇಳಿದರಂತೆ. ಚಾಚಿದ ಕೈ ಹಿಂದೆ ಹೋಯಿತು, ಮಂಜೂರಾತಿ ಪತ್ರ ಮುಂದೆ ಬಂತು.

ಈ ಭಾನುವಾರ ಅವರು ಬುಟ್ಟಿ ತುಂಬ ಬಾಳೆಹಣ್ಣು ಹೊತ್ತು ತಂದರು.

"ನಿಮ್ಮಿಂದ ನನ್ನ ಕೆಲಸ ಆತ್ರಿ, ಸುಧಾರಾಣಿ ಮೇಡಂ. ಭಾಳ ಉಪಕಾರ ಆತು."

ಬೆಳಿಗ್ಗೆಯಿಂದ ಏನೂ ತಿಂದಿರದ ನಾನು ಕೈ ಚಾಚಿದೆ. ಎಲ್ಲಮ್ಮ ಬುಟ್ಟಿಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡರು.

"ರಸೀದಿ ಕೊಡ್ತೀರೇನ್ರಿ?"

ಭವನವೆಲ್ಲ ನಕ್ಕಿತು. ಅವತ್ತು ಒಬ್ಬರೂ ತೂಕಡಿಸುತ್ತಿರಲಿಲ್ಲ. ನಗುತ್ತಲೇ ನನ್ನ ಕಣ್ಣು ತುಂಬಿ ಬಂತು. ನನ್ನ ಪಾಠಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನಾರು ಕೊಟ್ಟಾರು?

ಎಲ್ಲಮ್ಮ ಹಣ್ಣನ್ನೆಲ್ಲ ಹುಡುಗರಿಗೆ ಹಂಚಿದರು. ಖಾಲಿ ಬುಟ್ಟಿ ಕೆಳಗಿಟ್ಟು ನನ್ನೆದುರು ಬಂದು ನಿಂತು, ಎರಡೂ ಕೈ ಜೋಡಿಸಿದರು.

"ಇದಕ್ಕ ರಸೀದಿ ಬ್ಯಾಡ್ರಿ. ತಗೋರಿ."